ದಡ ಮುಟ್ಟಿಸದ ಗಾಳಿ

ಸಾವಿನ ಮನೆಯಲ್ಲಿ ಎತ್ತಿದ ಸಾಲದ ಮಾತಿಗೆ ಇಂಗ್ಲಿಷಿನಲ್ಲಿ 'ಇನ್‌ಆಪರ್ಚೂನ್' ಎಂಬ ವಿಶೇಷಣವಿದೆ. ಕನ್ನಡಕ್ಕೆ ತರುವಾಗ 'ಅಕಾಲಿಕ' ಎಂದುಬಿಡುತ್ತೇವೆ. ಆದರೆ ಅಕಾಲಿಕ ಮಳೆ, ಅಕಾಲಿಕ ಮರಣ ಎನ್ನುವಾಗ ನಮ್ಮ ಅಳತೆಗೋಲು ಋತುವೋ ಆಯುಸ್ಸೋ ಆಗಿರುತ್ತದೆ. ಇಂಗ್ಲಿಷ್ ಪದದ ಅಳತೆಗೋಲು ಬೇರೆ. ಲ್ಯಾಟಿನ್ನಿನಲ್ಲಿ 'ಆಬ್' ಎಂದರೆ ಕಡೆಗೆ, 'ಪೋರ್ಟುಸ್' ಎಂದರೆ ಬಂದರು. ಹಡಗನ್ನು ಬಂದರಿನ ಕಡೆಗೆ ಒಯ್ಯುವ ಗಾಳಿ 'ಆಪರ್ಟೂನುಸ್'. ಬಂದರುಗಳನ್ನು ಕಾಯುವ ಪೋರ್ಟೂನುಸ್ ಎಂಬ ದೇವರೂ ರೋಮನರಿಗಿದ್ದ. ಆಗಸ್ಟ್ 17 ಅವನ ಹಬ್ಬ. ಟೈಬರ್ ನದಿಯ ದಂಡೆಯಲ್ಲಿ ಅವನ ಗುಡಿ ಇಂದಿಗೂ ನಿಂತಿದೆ. ಆ 'ಆಪರ್ಟೂನುಸ್' ಪದಕ್ಕೆ ನಿಷೇಧದ 'ಇನ್' ಸೇರಿದಾಗ ಹುಟ್ಟಿದ ಪದ 16ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂತು. ಬಿಡದೆ ಕಾಡಿ ಬೇಡುವುದನ್ನು ಹೇಳುವ 'ಇಂಪಾರ್ಚೂನ್' ಕೂಡ ಇದೇ ಬಂದರಿನ ಕುಲದ್ದು.

ಗಾಳಿ ತನ್ನಷ್ಟಕ್ಕೆ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ಅರಬ್ಬೀ ಸಮುದ್ರದಲ್ಲಿ ಇದು ಕಣ್ಣಿಗೆ ಕಟ್ಟುವಷ್ಟು ಸ್ಪಷ್ಟ. ನೈರುತ್ಯ ಮಾರುತ ಹಿಡಿದು ಕೆಂಪು ಸಮುದ್ರದ ಬಾಯಿಂದ ಹೊರಟ ಹಡಗು 40 ದಿನಗಳಲ್ಲಿ ಕೇರಳದ ಮುಜಿರಿಸ್ ಸೇರುತ್ತದೆಂದು 1ನೇ ಶತಮಾನದ ರೋಮನ್ ಲೇಖಕ ಪ್ಲಿನಿ ಬರೆದಿದ್ದಾನೆ. ಮರಳುವವರು ಡಿಸೆಂಬರ್ ಹೊತ್ತಿಗೆ ದಿಕ್ಕು ತಿರುಗುವ ಗಾಳಿಗೆ ಕಾಯಬೇಕಿತ್ತು. ಒಬ್ಬನನ್ನು ದಡ ಸೇರಿಸಿದ ಗಾಳಿಯೇ ಇನ್ನೊಬ್ಬನನ್ನು ದಡದಲ್ಲಿ ಕೂರಿಸಿತು. ಹೊತ್ತಲ್ಲದ ಹೊತ್ತು ಎಂಬುದು ಯಾರ ಪಯಣಕ್ಕೆ ಎಂಬ ಪ್ರಶ್ನೆಯಿಲ್ಲದೆ ಅರ್ಥವಾಗುವುದಿಲ್ಲ.

ಇಂದು ಈ ಪದ ಬಳಸುವವರಾರೂ ಹಡಗನ್ನು ನೆನೆಯುವುದಿಲ್ಲ, ಬೇರು ಅಗೆದರೆ ಅರ್ಥ ಸಿಗುತ್ತದೆಯೇ ಎಂದು ಕೇಳಬಹುದು. ನ್ಯಾಯವಾದ ಆಕ್ಷೇಪ. ಲ್ಯಾಟಿನ್ನಿನಲ್ಲೇ ಅದು ಗಾಳಿಯನ್ನು ಬಿಟ್ಟು, ಅನುಕೂಲವಾದ ಜಾಗಕ್ಕೂ ಸಲ್ಲುವ ಪದವಾಗಿತ್ತು. ಪದಕ್ಕೆ ಅರ್ಥ ಕೊಡುವುದು ಬಳಕೆಯೇ, ಬೇರಲ್ಲ. ಆದರೆ ಇಲ್ಲಿ ಬಳಕೆಯೂ ಬೇರಿನ ಪರವಾಗಿಯೇ ಸಾಕ್ಷಿ ಹೇಳುತ್ತದೆ: ಇಂಗ್ಲಿಷರು ಸಾಮಾನ್ಯವಾಗಿ ಮರಣಕ್ಕೆ 'ಅನ್‌ಟೈಮ್ಲಿ' ಎನ್ನುತ್ತಾರೆ, ಅಡ್ಡಬಂದ ಭೇಟಿಗೆ, ಪ್ರಶ್ನೆಗೆ, ಫೋನ್ ಕರೆಗೆ 'ಇನ್‌ಆಪರ್ಚೂನ್' ಎನ್ನುತ್ತಾರೆ. ಯಾರೋ ಎಲ್ಲಿಗೋ ಹೊರಟಿರುವಾಗ ಎದುರು ಬೀಸಿದ್ದಕ್ಕೆ ಮಾತ್ರ ಆ ಹೆಸರು ಒಪ್ಪುತ್ತದೆ.

ಹಾಗಾದರೆ ಕನ್ನಡದಲ್ಲಿ ಇದರ ನಿಜವಾದ ನೆಂಟ ಯಾರು? 'ಗಾಳಿ ಬಂದಾಗ ತೂರಿಕೋ' ಎಂಬ ಕಣದ ಮಾತು ಹತ್ತಿರ ಬರುತ್ತದೆ. ಅದಕ್ಕಿಂತ ಹತ್ತಿರದ್ದು ಸಂಸ್ಕೃತದಿಂದ ಬಂದು ನಮ್ಮದೇ ಆಗಿರುವ ಜೋಡಿ. ಕೂಲ ಎಂದರೆ ದಡ. ದಡವನ್ನು ಅನುಸರಿಸಿದ್ದು ಅನುಕೂಲ, ದಡಕ್ಕೆ ಎದುರಾದದ್ದು ಪ್ರತಿಕೂಲ. ರೋಮಿನ ನಾವಿಕ ಬಂದರನ್ನು ನೋಡಿ ಪದ ಕಟ್ಟಿದಂತೆ ಇಲ್ಲಿಯೂ ಯಾರೋ ನೀರಂಚನ್ನು ನೋಡಿ ಕಟ್ಟಿದ್ದಾರೆ. ಪ್ರತಿಕೂಲವೆಂಬುದು ಹವಾಮಾನಕ್ಕೆ, ತೀರ್ಪಿಗೆ ಸಲ್ಲುವ ಮಾತು, ಹೊತ್ತಿಗಲ್ಲ ಎನ್ನುವವರಿದ್ದಾರು. 'ಸಮಯ ಪ್ರತಿಕೂಲವಾಗಿದೆ' ಎಂದು ನಾವು ಈಗಾಗಲೇ ಹೇಳುತ್ತಿದ್ದೇವಲ್ಲ!