ಐದಕ್ಕೇ ಯಾಕ ನಿಂತಿತು?

ತೊಗರಿ ರಾಶಿ ದಿನ. ತಾಂಡೂರು ಮಾರ್ಕೆಟ್ ರೇಟು ಬಂತು, ಪೆದ್ದೆಮುಲ್‌ನಾಗ ಕೂತು ನೀವು ಫಾರ್ವರ್ಡ್ ಒತ್ತಿದ್ರಿ. ಐದು ಚಾಟಿಗೆ ಟಿಕ್ ಬಿತ್ತು. ಆರನೇದಕ್ಕ ಬೆರಳಿಟ್ರ ವಾಟ್ಸಾಪ್ ಒಲ್ಲೆ ಅಂತದ. ಫೋನ್ ಕೆಟ್ಟಿಲ್ರಿ, ಬೈಬ್ಯಾಡ್ರಿ.

ಈ ಐದರ ಮಿತಿ ಹಿಂದ ಸಾವು ಅವ. 2018ರ ಜುಲೈದಾಗ, ಬೀದರ್ ಜಿಲ್ಲಾದ ಮುರ್ಕಿಯೊಳಗ, ಮಕ್ಕಳ ಕಳ್ಳರು ಬಂದಾರಂತ ವಾಟ್ಸಾಪ್‌ನಾಗ ಸುಳ್ಳು ಹಬ್ಬಿತು. ಹೈದರಾಬಾದಿನ ಒಬ್ಬ ಇಂಜಿನಿಯರನ್ನ ಜನ ಬಡದು ಕೊಂದ್ರು. ದೇಶದಾಗ ಇಂಥಾವು ಇನ್ನೂ ಆಗಿದ್ವು. ಅದೇ ತಿಂಗಳು ಭಾರತಕ್ಕ ಐದರ ಮಿತಿ ಬಂತು. 2020ರಾಗ ಇನ್ನಷ್ಟು ಬಿಗಿ: ಭಾಳ ಸಲ ಫಾರ್ವರ್ಡ್ ಆಗಿ ಎರಡು ಬಾಣದ ಗುರುತು ಬಿದ್ದ ಮೆಸೇಜು ಒಮ್ಮೆಗೆ ಒಂದೇ ಚಾಟಿಗೆ.

ಮಿತಿ ಒಂದೇ ಅಲ್ಲ, ಬ್ಯಾಡಾದ ಮೆಸೇಜು ತಡಿಯೋ ಕಾವಲೂ ಅದ. ವಾಟ್ಸಾಪಿನ ಸ್ಪ್ಯಾಮ್ ಫಿಲ್ಟರ್, ಜರಡಿ ಅನ್ರಿ ಬೇಕಾದ್ರ, ನೀವು ಕಳಿಸೂ ಅಕ್ಷರ ಓದಂಗಿಲ್ಲ. ನಡತಿ ನೋಡ್ತದ. ಹೊಸ ಸಿಮ್ಮು, ಸರಸರ ನೂರು ಮೆಸೇಜು, ಮಂದಿ ಬ್ಲಾಕ್ ಒತ್ತಿದ್ದು... ನಂಬರೇ ಬಂದ್ ಆಗಬಹುದು.

ಒಂದೇ ಸಲ ಭಾಳ ಮಂದಿಗೆ ರೇಟು ಮುಟ್ಟಿಸಬೇಕಂದ್ರ ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡ್ರಿ. ಆದ್ರ ನಿಮ್ಮ ನಂಬರ್ ಸೇವ್ ಮಾಡ್ಕೊಂಡವರಿಗಷ್ಟೇ ಅದು ಹೋಗ್ತದ. ಅದಕ್ಕ ಇವತ್ತೇ ಹೇಳಿ ಬಿಡ್ರಿ: "ಅಣ್ಣಾ, ನನ್ನ ನಂಬರ್ ಸೇವ್ ಮಾಡ್ಕೋರಿ."