ರೋಮ್ ನಗರ ಸಂದರ್ಶನ: ಹೊರಡುವ ಮುನ್ನ ಕೆಲವು ಮಾತುಗಳು

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ನಾನು ಶಾಲೆಯ ಹಳೆಯ ನೆನಪುಗಳನ್ನು ಬರೆಯುವೆನೆಂದು ಅವರು ಭಾವಿಸಿದ್ದಿರಬೇಕು. ಆ ಕಾರ್ಯವನ್ನು ನನಗಿಂತ ಸಮರ್ಥರು ಈ ಸಂಚಿಕೆಯಲ್ಲಿ ಮಾಡಿದ್ದಾರೆ. ನಾನು 2024ರ ಅಕ್ಟೋಬರಿನಲ್ಲಿ ಪತ್ನಿ ಹಾಗೂ ಮಗನೊಡನೆ ರೋಮ್ ನಗರಕ್ಕೆ ಹೋಗಿಬಂದೆ. ಅಂದಿನಿಂದ ಪುಣೆ, ಬೆಂಗಳೂರುಗಳಲ್ಲಿ ಉದ್ಯೋಗದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಗಳು, ತಂದೆತಾಯಿಗಳನ್ನು ಕರೆದುಕೊಂಡು ಅಲ್ಲಿಗೆ ಹೋಗಬೇಕಾದರೆ ಏನೇನು ಸಿದ್ಧತೆ ಬೇಕೆಂದು ಕೇಳುತ್ತಲೇ ಇದ್ದಾರೆ. ಅವರೆಲ್ಲರಿಗೂ ಒಟ್ಟಾಗಿ ಇಲ್ಲಿ ಉತ್ತರಿಸುತ್ತಿದ್ದೇನೆ. ಇದರೊಳಗೆ ನಾನು ತೀರಿಸಬೇಕಾದ ಒಂದು ಹಳೆಯ ಸಾಲವೂ ಇದೆ.

ಕನ್ನಡ ಮಾಧ್ಯಮದಲ್ಲಿ ಮ್ಯಾಟ್ರಿಕ್ ಮುಗಿಸಿದ ನಾನು, ರೋಮಿನ ಇತಿಹಾಸವನ್ನು ಕಲಿತದ್ದೂ ಕಲಿಸಿದ್ದೂ ಪಠ್ಯಪುಸ್ತಕದ ನಾಲ್ಕು ಪುಟಗಳಿಂದ. ಜತ್ತ ತಾಲೂಕಿಗೆ ಬರಗಾಲ ಹೊಸದಲ್ಲ. ಅಂಥದೊಂದು ವರ್ಷದ ಬೇಸಿಗೆಯಲ್ಲಿ, ಶಾಲೆಯ ಹೊರಗೆ ಟ್ಯಾಂಕರಿನ ದಾರಿ ಕಾಯುತ್ತ ಕೊಡಗಳ ಸಾಲು ನಿಂತಿದ್ದಾಗ, ಪುರಾತನ ರೋಮಿನಲ್ಲಿ ಸುಮಾರು ಹತ್ತು ಲಕ್ಷ ಜನರಿದ್ದರೆಂದು ನಾನು ಪಾಠ ಹೇಳುತ್ತಿದ್ದೆ. ಹಿಂದಿನ ಸಾಲಿನ ಒಬ್ಬ ಹುಡುಗ ಎದ್ದುನಿಂತು, "ಸರ್, ಅಷ್ಟು ಮಂದಿಗೆ ನೀರು ಎಲ್ಲಿಂದ ಬರ್ತಿತ್ರಿ?" ಎಂದು ಕೇಳಿದ. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಹೇಳುವ ಧೈರ್ಯವೂ ಇರಲಿಲ್ಲ. "ಪಾಠದಲ್ಲಿ ಇಲ್ಲದ್ದನ್ನು ಕೇಳಬೇಡ, ಕುಳಿತುಕೋ" ಎಂದು ಗದರಿಸಿದೆ.

ಆದುದರಿಂದ ಪ್ರವಾಸದ ಸಿದ್ಧತೆಯಲ್ಲಿ ನನ್ನ ಮೊದಲ ಸಲಹೆ ಇದು: ನೋಡಬೇಕಾದ ಸ್ಥಳಗಳ ಪಟ್ಟಿಗಿಂತ ಮೊದಲು, ನಿಮಗಿರುವ ಪ್ರಶ್ನೆಗಳ ಪಟ್ಟಿಯನ್ನು ಬರೆಯಿರಿ. ರೋಮಿನಲ್ಲಿ ಎಲ್ಲಿ ನೋಡಿದರೂ ಹಳೆಯ ಕಲ್ಲುಗಳೇ. ಪ್ರಶ್ನೆಯಿಲ್ಲದೆ ಹೋದವನಿಗೆ ಅವು ಕಲ್ಲುಗಳಾಗಿಯೇ ಉಳಿಯುತ್ತವೆ. ಸಾಧ್ಯವಾದರೆ ಕೊಲ್ಹಾಪುರದ ಟೌನ್ ಹಾಲ್ ವಸ್ತುಸಂಗ್ರಹಾಲಯಕ್ಕೊಮ್ಮೆ ಹೋಗಿಬನ್ನಿ. ಅಲ್ಲಿಯ ಬ್ರಹ್ಮಪುರಿ ಉತ್ಖನನದಲ್ಲಿ ದೊರೆತ, ಸಮುದ್ರದೇವತೆ ಪೊಸೈಡನ್ನನ ಪುಟ್ಟ ಕಂಚಿನ ವಿಗ್ರಹ ರೋಮನ್ ಜಗತ್ತಿನಿಂದ ಬಂದದ್ದು. ಎರಡು ಸಾವಿರ ವರ್ಷಗಳ ಹಿಂದೆಯೇ ನಮ್ಮ ಸೀಮೆಗೂ ಆ ಜಗತ್ತಿಗೂ ವ್ಯಾಪಾರವಿತ್ತೆಂದು ತಿಳಿದಾಗ, ಹೋಗುವ ಊರು ಪರಕೀಯವೆನಿಸದು.

ಇನ್ನು ಕಾಗದಪತ್ರಗಳು. ಇಟಲಿಗೆ ಷೆಂಗೆನ್ ವೀಸಾ ಬೇಕು. ಇಟಲಿಯ ಕಾನ್ಸುಲೇಟು ಮುಂಬಯಿಯಲ್ಲಿದೆ. ಪ್ರಯಾಣಕ್ಕೆ 6 ತಿಂಗಳು ಮೊದಲಿನಿಂದಲೇ ಅರ್ಜಿ ಹಾಕಬಹುದು. ಕೊನೆಯ ಮಿತಿ 15 ದಿನ. ಆದರೆ ಬೆರಳಚ್ಚು ಕೊಡುವ ಸರದಿ ಸಿಕ್ಕುವುದೇ ಕಷ್ಟವಾದ್ದರಿಂದ ಎರಡು-ಮೂರು ತಿಂಗಳು ಮೊದಲೇ ಹಾಕುವುದು ಕ್ಷೇಮ. ಪಾಸ್‌ಪೋರ್ಟಿನ ಅವಧಿ ಮರಳುವ ದಿನದಿಂದ ಇನ್ನೂ 3 ತಿಂಗಳು ಉಳಿದಿರಬೇಕು. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ, ಬ್ಯಾಂಕಿನ ಲೆಕ್ಕಪತ್ರ, ವಸತಿಯ ಕಾಯ್ದಿರಿಸುವಿಕೆ ಇವೆಲ್ಲ ಅಗತ್ಯ. 2024ರ ಜೂನ್‌ನಿಂದ ವಯಸ್ಕರಿಗೆ ವೀಸಾ ಶುಲ್ಕ 90 ಯೂರೋ. ಪಿಂಚಣಿದಾರರು ಪಿಂಚಣಿ ಆದೇಶದ ಪ್ರತಿಯನ್ನೂ ಲಗತ್ತಿಸಿದರೆ ಒಳಿತು.

ಏಪ್ರಿಲ್, ಮೇ ಹಾಗೂ ಅಕ್ಟೋಬರ್ ತಿಂಗಳುಗಳು ಪ್ರಶಸ್ತ. ಜುಲೈ, ಆಗಸ್ಟಿನಲ್ಲಿ ಬಿಸಿಲೂ ಜನಸಂದಣಿಯೂ ವಿಪರೀತ. ಕ್ರೈಸ್ತರ 'ಜುಬಿಲಿ' ವರ್ಷಗಳಲ್ಲಂತೂ ಯಾತ್ರಿಕರ ಮಹಾಪೂರವೇ ಹರಿಯುತ್ತದೆ. ನಾವು ಸುವರ್ಣ ಮಹೋತ್ಸವಕ್ಕೆ ಬಳಸುವ ಆ ಶಬ್ದ ಹೀಬ್ರೂ ಮೂಲದ್ದು, ಐವತ್ತನೆಯ ವರ್ಷಕ್ಕೆ ಸಂಬಂಧಿಸಿದ್ದು. ರೋಮಿನಲ್ಲಿ ಆ ಆಚರಣೆ 1300ರಲ್ಲಿ ಆರಂಭವಾಗಿ, ಕಾಲಾನಂತರ 25 ವರ್ಷಗಳಿಗೊಮ್ಮೆ ಎಂದಾಯಿತು. 2025 ಅಂಥ ವರ್ಷವಾಗಿತ್ತು.

ವಿಮಾನ ನಿಲ್ದಾಣದಿಂದ ತೆರ್ಮಿನಿ ರೈಲು ನಿಲ್ದಾಣಕ್ಕೆ ನೇರ ರೈಲಿದೆ. 32 ನಿಮಿಷದ ಹಾದಿ. ಮೆಟ್ರೋ ನಿಲ್ದಾಣದ ಸಮೀಪ ವಸತಿ ಹಿಡಿದರೆ ವೃದ್ಧರಿಗೆ ಅನುಕೂಲ. ಬೀದಿಗಳಿಗೆ ಹಾಸಿದ ಕಪ್ಪು ಚೌಕಗಲ್ಲುಗಳು ಮೊಣಕಾಲು ನೋವಿನವರನ್ನು ದಣಿಸುತ್ತವೆ. ಹೊಸ ಚಪ್ಪಲಿ ಬೇಡ, ಪಳಗಿದ ಬೂಟು ಇರಲಿ. ಮುಂಜಾನೆ ಒಂದು ಸ್ಥಳ, ಸಾಯಂಕಾಲ ಒಂದು ಸ್ಥಳ, ನಡುವೆ ವಿಶ್ರಾಂತಿ. ಹೀಗೆ ನಾಲ್ಕು ದಿನಗಳನ್ನಾದರೂ ಇಟ್ಟುಕೊಳ್ಳಬೇಕು.

ಮೊದಲ ದಿನ ಕೊಲೋಸಿಯಂ. ಸಮಯ ನಿಗದಿಯಾದ ಟಿಕೆಟನ್ನು ಮೊದಲೇ ಕಾಯ್ದಿರಿಸಬೇಕು. ಅದರ ಮೇಲೆ ಸಂದರ್ಶಕರ ಹೆಸರಿರುವುದರಿಂದ ಪಾಸ್‌ಪೋರ್ಟ್ ಜೊತೆಗಿರಲಿ. ಅದೇ ಟಿಕೆಟಿನಲ್ಲಿ ಪುರಾತನ ಪೇಟೆಯಾದ ಫೋರಂ ಮತ್ತು ಪ್ಯಾಲಟೈನ್ ಗುಡ್ಡವನ್ನೂ ನೋಡಬಹುದು. ಇಲ್ಲಿ ನನ್ನದೊಂದು ತಪ್ಪೊಪ್ಪಿಗೆ. ರೋಮ್ ಹೊತ್ತಿ ಉರಿಯುವಾಗ ನೀರೋ ಪಿಟೀಲು ಬಾರಿಸುತ್ತಿದ್ದನೆಂದು ಎಷ್ಟೋ ತಂಡಗಳಿಗೆ ಕಲಿಸಿದೆ. ಆ ಬೆಂಕಿ ಬಿದ್ದದ್ದು ಕ್ರಿ.ಶ. 64ರಲ್ಲಿ, ಪಿಟೀಲು ಹುಟ್ಟಿದ್ದು 16ನೆಯ ಶತಮಾನದಲ್ಲಿ! ಬೆಂಕಿ ಹೊತ್ತಿಕೊಂಡಾಗ ನೀರೋ ಆಂಟಿಯಂ ಎಂಬ ಊರಿನಲ್ಲಿದ್ದನೆಂದು ಇತಿಹಾಸಕಾರ ಟ್ಯಾಸಿಟಸ್ ಬರೆದಿದ್ದಾನೆ. ನೀರೋ ತನ್ನ ಅರಮನೆಗಾಗಿ ನಿರ್ಮಿಸಿದ ಕೆರೆಯಿದ್ದ ಸ್ಥಳದಲ್ಲೇ ಕೊಲೋಸಿಯಂ ಎದ್ದು, ಕ್ರಿ.ಶ. 80ರಲ್ಲಿ ಉದ್ಘಾಟನೆಗೊಂಡಿತು.

ಎರಡನೆಯ ದಿನ ಪ್ಯಾಂಥಿಯನ್ ದೇವಾಲಯ. ಶಾಲಾ ಪ್ರವಾಸದಲ್ಲಿ ವಿಜಯಪುರದ ಗೋಲಗುಂಬಜ ನೋಡಿದ ನಮ್ಮ ಮಕ್ಕಳಿಗೆ ಇದರ ಗುಮ್ಮಟ ಪರಿಚಿತವೆನಿಸುವುದು ಸಹಜ. ಆದರೆ ಗೋಲಗುಂಬಜಕ್ಕಿಂತ ಒಂದೂವರೆ ಸಾವಿರ ವರ್ಷ ಹಿಂದಿನ ಈ ಗುಮ್ಮಟದ ಒಳವ್ಯಾಸ 43.3 ಮೀಟರ್. ಕಬ್ಬಿಣದ ಸರಳಿಲ್ಲದ ಕಾಂಕ್ರೀಟು. ನೆತ್ತಿಯ ತೆರೆದ ವೃತ್ತದಿಂದ ಬೀಳುವ ಮಳೆನೀರು ನೆಲದ ರಂಧ್ರಗಳಲ್ಲಿ ಹರಿದುಹೋಗುತ್ತದೆ. ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ಲಾರ್ಗೊ ಅರ್ಜೆಂಟೀನಾ ಎಂಬ ಚೌಕವಿದೆ. ಕ್ರಿ.ಪೂ. 44ರಲ್ಲಿ ಜೂಲಿಯಸ್ ಸೀಸರನ ಕೊಲೆ ನಡೆದದ್ದು ಇಲ್ಲಿ, ನಾನು ಹೇಳುತ್ತಿದ್ದಂತೆ ಫೋರಂನಲ್ಲಲ್ಲ. 2023ರಿಂದ ಕೆಳಗಿಳಿದು ನೋಡಲು ಅವಕಾಶವಿದೆ. ಈಗ ಅದು ಬೆಕ್ಕುಗಳ ಸಾಮ್ರಾಜ್ಯ.

ಮೂರನೆಯ ದಿನ ವ್ಯಾಟಿಕನ್, ಅಂದರೆ ಕೇವಲ 44 ಹೆಕ್ಟೇರಿನ ಒಂದು ಸ್ವತಂತ್ರ ರಾಷ್ಟ್ರ. ನಾವು ಭಾನುವಾರ ಹೋಗಿ ಮುಚ್ಚಿದ ವಸ್ತುಸಂಗ್ರಹಾಲಯದ ಬಾಗಿಲು ನೋಡಿ ಮರಳಿದೆವು. ತಿಂಗಳ ಕೊನೆಯ ಭಾನುವಾರದ ಹೊರತು ಉಳಿದ ಭಾನುವಾರಗಳಲ್ಲಿ ಅದಕ್ಕೆ ರಜೆ. ವೇಳಾಪಟ್ಟಿ ಹಾಕುವುದರಲ್ಲೇ ಆಯುಷ್ಯ ಕಳೆದ ಹೆಡ್‌ಮಾಸ್ತರನಿಗೆ ಇಷ್ಟೂ ತಿಳಿಯಲಿಲ್ಲವೇ ಎಂದು ನನ್ನ ಶ್ರೀಮತಿಯವರು ಇಂದಿಗೂ ಹಾಸ್ಯ ಮಾಡುತ್ತಾರೆ. ಸಂತ ಪೀಟರರ ಮಹಾಮಂದಿರಕ್ಕೆ ಪ್ರವೇಶ ಉಚಿತ. ಭುಜ, ಮೊಣಕಾಲು ಮುಚ್ಚುವ ಉಡುಪಿರಬೇಕು. ಜನಸಂದಣಿಯಲ್ಲಿ ಜೇಬುಗಳ್ಳರ ಬಗ್ಗೆ ಎಚ್ಚರ.

ಸಸ್ಯಾಹಾರಿಗಳು ಹೆದರಬೇಕಾಗಿಲ್ಲ. ಟೊಮೆಟೊ ಸಾರಿನ ಪಾಸ್ತಾ, ಮಾರ್ಗರೀಟಾ ಪಿಜ್ಜಾ ಎಲ್ಲೆಡೆ ಸಿಗುತ್ತವೆ. ಕಡಕ್ ರೊಟ್ಟಿ, ಶೇಂಗಾ ಚಟ್ನಿ ನಮ್ಮೊಡನೆ ಇದ್ದವು. ಆದರೆ ಪೇಢೆ ಮುಂತಾದ ಹಾಲಿನ ಪದಾರ್ಥಗಳನ್ನು ಯುರೋಪಿನ ಒಕ್ಕೂಟದೊಳಗೆ ಒಯ್ಯುವಂತಿಲ್ಲ.

ನಾಲ್ಕನೆಯ ದಿನವನ್ನು ನಾನು ಆ ಹುಡುಗನ ಪ್ರಶ್ನೆಗೆ ಮೀಸಲಿಟ್ಟಿದ್ದೆ. ಮೆಟ್ರೋದ 'ಎ' ಮಾರ್ಗದಲ್ಲಿ ಜೂಲಿಯೊ ಅಗ್ರಿಕೋಲಾ ನಿಲ್ದಾಣದಲ್ಲಿ ಇಳಿದರೆ, ಸ್ವಲ್ಪ ನಡಿಗೆಯಲ್ಲಿ ಮೇಲ್ಗಾಲುವೆಗಳ ಉದ್ಯಾನವಿದೆ. ಅಲ್ಲಿ ಟಿಕೆಟಿಲ್ಲ, ಸಂದಣಿಯೂ ಇಲ್ಲ. ಹಸಿರು ಬಯಲಿನ ನಡುವೆ ಕ್ಲಾಡಿಯಾ ಕಾಲುವೆಯ ಕಮಾನುಗಳ ಸಾಲು ನಿಂತಿದೆ. ಕ್ರಿ.ಶ. 52ರಲ್ಲಿ ಪೂರ್ಣಗೊಂಡ ಈ ಕಾಲುವೆ, ಸುಮಾರು 69 ಕಿ.ಮೀ. ದೂರ ಹರಿದು ಬೆಟ್ಟಗಳ ಒರತೆಯ ನೀರನ್ನು ನಗರಕ್ಕೆ ತರುತ್ತಿತ್ತು. ಪಂಪಿಲ್ಲ, ಯಂತ್ರವಿಲ್ಲ, ಇದ್ದದ್ದು ಇಳಿಜಾರು ಮಾತ್ರ. ಬಹುಭಾಗ ನೆಲದೊಳಗಿನ ಸುರಂಗವೇ. ನೆಲ ತಗ್ಗಾಗುವಲ್ಲಿ ನೀರಿನ ಎತ್ತರ ಕಾಯ್ದುಕೊಳ್ಳಲು ಕಮಾನು ಕಟ್ಟಿದರು. ನಮ್ಮ ನೆರೆಯ ವಿಜಯಪುರದಲ್ಲಿ ಆದಿಲಶಾಹಿಗಳು ತೊರವಿಯಿಂದ ಸುರಂಗದ ಮೂಲಕ ನೀರು ತಂದದ್ದೂ ಇದೇ ತತ್ತ್ವದಿಂದ. ಕ್ರಿ.ಪೂ. 312ರಲ್ಲಿ ಒಂದರಿಂದ ಆರಂಭವಾಗಿ, ಇಂಥ ಕಾಲುವೆಗಳು ಕ್ರಮೇಣ 11 ಆದವು. ಕ್ರಿ.ಶ. 97ರಲ್ಲಿ ನೀರಿನ ಅಧಿಕಾರಿಯಾಗಿದ್ದ ಫ್ರಾಂಟಿನಸ್, ಕಾಲುವೆಗೆ ಕಳ್ಳಕೊಳವೆ ಹಾಕುವವರ ಬಗ್ಗೆ ದೂರು ಬರೆದಿಟ್ಟಿದ್ದಾನೆ. ಕಾಲುವೆಯಿದ್ದಲ್ಲಿ ಈ ತಂಟೆ ತಪ್ಪಿದ್ದಲ್ಲವೆಂದು ನಮ್ಮ ರೈತರಿಗೆ ಬೇರೆ ಹೇಳಬೇಕೆ? 537ರಲ್ಲಿ ಗಾಥರು ನಗರವನ್ನು ಮುತ್ತಿ ಕಾಲುವೆಗಳನ್ನು ಕಡಿದರು. ಅನಂತರ ನಗರವೂ ಬಡವಾಯಿತು.

ಆದರೂ ಕ್ರಿ.ಪೂ. 19ರ ವಿರ್ಗೊ ಕಾಲುವೆ ಜೀರ್ಣೋದ್ಧಾರಗೊಂಡು, ಪ್ರಸಿದ್ಧ ಟ್ರೆವಿ ಕಾರಂಜಿಗೆ ಇಂದಿಗೂ ನೀರುಣಿಸುತ್ತಿದೆ. ಬೀದಿಬೀದಿಗಳಲ್ಲಿ ಕುಡಿಯುವ ನೀರಿನ ಸುಮಾರು 2,500 ಕಬ್ಬಿಣದ ನಳಗಳಿವೆ. ಖಾಲಿ ಶೀಸೆಯೊಂದು ಜೊತೆಗಿದ್ದರೆ ಸಾಕು, ನೀರು ಕೊಳ್ಳಬೇಕಾಗಿಲ್ಲ. ನಿಲ್ಲದೆ ಹರಿಯುವ ಅಂಥದೊಂದು ನಳದ ಮುಂದೆ ನನ್ನ ಶ್ರೀಮತಿಯವರು ಬೊಗಸೆಯೊಡ್ಡಿ ಬಹಳ ಹೊತ್ತು ನಿಂತಿದ್ದರು. ಅವರ ಅರ್ಧ ಆಯುಷ್ಯ ಕೊಡ ಹೊರುವುದರಲ್ಲಿ ಕಳೆದಿದೆ.

ಆ ಹುಡುಗ ಯಾರೆಂದು ಈಗ ನೆನಪಿಲ್ಲ. ಅವನು ಈ ಸಂಚಿಕೆಯನ್ನು ಓದುತ್ತಿದ್ದರೆ, ಇದೇ ಅವನ ಪ್ರಶ್ನೆಗೆ ಉತ್ತರ, ತಡವಾದುದಕ್ಕೆ ಕ್ಷಮೆಯಿರಲಿ. ಇಂದು ನಮ್ಮ ಶಾಲೆಯಲ್ಲಿ ಪಾಠ ಹೇಳುತ್ತಿರುವ ಕಿರಿಯ ಬಂಧುಗಳಿಗೂ ಒಂದು ವಿನಂತಿ: ಮಕ್ಕಳು ಪಾಠದಲ್ಲಿ ಇಲ್ಲದ್ದನ್ನು ಕೇಳಿದರೆ, "ಗೊತ್ತಿಲ್ಲ, ಕೂಡಿ ಹುಡುಕೋಣ" ಎನ್ನಿರಿ. ಗಡಿನಾಡಿನ ಈ ಕನ್ನಡ ಶಾಲೆ ಶತಮಾನೋತ್ಸವವನ್ನೂ ಕಾಣಲೆಂದು ಹಾರೈಸುತ್ತೇನೆ.