ರಶ್‌ಗೆ ಹೊರಟ ಮಗಳು

ಆಗಸ್ಟ್ ತಿಂಗಳ ನಡುವಿಗೆ ಅಮೆರಿಕದ ಅಲಬಾಮಾ ರಾಜ್ಯದ ಟಸ್ಕಲೂಸಾದಲ್ಲಿ ಬಿಸಿಲು ನೆತ್ತಿ ಸುಡುತ್ತಿರುತ್ತದೆ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಪಾಠ ಇನ್ನೂ ಶುರುವಾಗಿರುವುದಿಲ್ಲ. ಆದರೂ ಎರಡೂವರೆ ಸಾವಿರದಷ್ಟು ಹುಡುಗಿಯರು ಎತ್ತರದ ಕಂಬಗಳ ಬಂಗಲೆಗಳ ಮುಂದೆ ಗುಂಪುಗುಂಪಾಗಿ ನಿಂತು ಬೆವರುತ್ತಿರುತ್ತಾರೆ. ಹೆಚ್ಚಿನವರು ಎರಡು ತಿಂಗಳ ಹಿಂದಷ್ಟೇ ಹೈಸ್ಕೂಲು ಮುಗಿಸಿದವರು. ಒಂದೊಂದು ಬಂಗಲೆಯೂ ಒಂದೊಂದು ಸೊರಾರಿಟಿಯದು, ಅಂದರೆ ಗ್ರೀಕ್ ಅಕ್ಷರಗಳ ಹೆಸರಿಟ್ಟುಕೊಂಡ ವಿದ್ಯಾರ್ಥಿನಿಯರ ಸಂಘದ್ದು. ಯಾವ ಸಂಘಕ್ಕೆ ಯಾರು ಸೇರುತ್ತಾರೆ ಎಂಬುದು ಸುಮಾರು ಒಂದು ವಾರದಲ್ಲಿ ತೀರ್ಮಾನವಾಗುತ್ತದೆ. ಕಾಲೇಜಿನ ಕಾಗದಪತ್ರದಲ್ಲಿ ಇದರ ಹೆಸರು ರಿಕ್ರೂಟ್‌ಮೆಂಟ್. ಹುಡುಗಿಯರ ಬಾಯಲ್ಲಿ ಮಾತ್ರ ಇವತ್ತಿಗೂ ರಶ್.

2021ರ ಆಗಸ್ಟ್‌ನಲ್ಲಿ ಈ ಹುಡುಗಿಯರು ಬೆಳಿಗ್ಗೆ ಹೊರಡುವ ಮುನ್ನ ಇವತ್ತಿನ ಫ್ರಾಕು ಇಂಥ ಅಂಗಡಿಯದು, ಕಿವಿಯೋಲೆ ಇಂಥ ಕಡೆಯದು ಎಂದು ಟಿಕ್‌ಟಾಕ್‌ನಲ್ಲಿ ತೋರಿಸತೊಡಗಿದರು. ‘ಬಾಮಾ ರಶ್’ ಎಂಬ ಹೆಸರಿನಲ್ಲಿ ಅದು ಜಗತ್ತೆಲ್ಲ ಸುತ್ತಿತು. 2023ರಲ್ಲಿ ಅದೇ ಹೆಸರಿನ ಸಾಕ್ಷ್ಯಚಿತ್ರವೂ ಬಂತು. ಆ ವಿಡಿಯೊಗಳಿಂದ ಹಬ್ಬಿದ ತಪ್ಪು ತಿಳಿವಳಿಕೆ ಇನ್ನೂ ಹೋಗಿಲ್ಲ. ರಶ್‌ಗೆ ತಯಾರಿ ಎಂದರೆ ಬಟ್ಟೆಬರೆಯ ತಯಾರಿ ಎಂದೇ ಎಲ್ಲರೂ ನಂಬಿದ್ದಾರೆ. ಅಟ್ಲಾಂಟಾ, ಡಲ್ಲಾಸ್, ಹ್ಯೂಸ್ಟನ್ ಕಡೆ ನೆಲೆಸಿದ ಕನ್ನಡ ಕುಟುಂಬಗಳ ಹೆಣ್ಣುಮಕ್ಕಳೂ ಈಗ ಇಂಥ ಕ್ಯಾಂಪಸ್‌ಗಳಿಗೆ ಹೋಗುತ್ತಾರೆ. ಮೈಸೂರಿನಲ್ಲೋ ದಾವಣಗೆರೆಯಲ್ಲೋ ಓದಿ ಬಂದ ಅಪ್ಪ ಅಮ್ಮನಿಗೆ ಈ ಪದ್ಧತಿಯ ಒಳಹೊರಗು ಗೊತ್ತಿರುವುದಿಲ್ಲ, ಮಗಳಿಗೂ ವಿಡಿಯೊದಲ್ಲಿ ಕಂಡಷ್ಟೇ ಗೊತ್ತು. ಬಟ್ಟೆ ಕೊಳ್ಳುವುದು ಕಡೆಯ ಕೆಲಸ. ಆಯ್ಕೆ ಹೇಗೆ ನಡೆಯುತ್ತದೆ, ಸಹಿ ಹಾಕಿದರೆ ಏನಾಗುತ್ತದೆ, ಬಾಗಿಲು ಮುಚ್ಚಿದರೆ ತಾನು ಏನು ಮಾಡಬೇಕು, ಈ ಮೂರನ್ನು ಹುಡುಗಿ ಮನೆಯಲ್ಲೇ ಕೂತು ಯೋಚಿಸಿ ಹೊರಡಬೇಕು ಎಂಬುದಕ್ಕೇ ಈ ಲೇಖನ.

ಸಂಘಗಳ ಹುಟ್ಟು ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಅದು ಗೌರವಿಸಬೇಕಾದ ಕಥೆ. ಇಂಡಿಯಾನಾ ರಾಜ್ಯದ ಈಗಿನ ಡಿಪಾ ವಿಶ್ವವಿದ್ಯಾಲಯ ಹೆಣ್ಣುಮಕ್ಕಳಿಗೆ ಬಾಗಿಲು ತೆರೆದದ್ದು 1867ರಲ್ಲಿ. ಮೊದಲ ವಿದ್ಯಾರ್ಥಿನಿಯರಲ್ಲಿ ಬೆಟ್ಟಿ ಲಾಕ್ ಒಬ್ಬಳು. ಗಂಡುಹುಡುಗರ ಸಂಘವೊಂದು ಅವಳಿಗೆ ತಮ್ಮ ಬಿಲ್ಲೆ ಧರಿಸಲು ಕೊಡುತ್ತೇವೆ, ಆದರೆ ಸದಸ್ಯತ್ವ ಕೊಡುವುದಿಲ್ಲ ಎಂದಿತಂತೆ. ಅವಳು ಒಪ್ಪಲಿಲ್ಲ. 1870ರ ಜನವರಿಯಲ್ಲಿ ಮೂವರು ಗೆಳತಿಯರ ಜೊತೆ ಸೇರಿ ‘ಕಪ್ಪಾ ಆಲ್ಫಾ ಥೀಟಾ’ ಕಟ್ಟಿದಳು. ತರಗತಿಯಲ್ಲಿ ಬೆರಳೆಣಿಕೆಯಷ್ಟು ಹೆಣ್ಣುಮಕ್ಕಳಿದ್ದ ಕಾಲದಲ್ಲಿ ಇಂಥ ಸಂಘಗಳೇ ಅವರಿಗೆ ಆಸರೆ. 1902ರಲ್ಲಿ ಇವು ಸೇರಿ ಮಾಡಿಕೊಂಡ ಒಕ್ಕೂಟವೇ ನ್ಯಾಷನಲ್ ಪ್ಯಾನ್‌ಹೆಲೆನಿಕ್ ಕಾನ್ಫರೆನ್ಸ್. ಇಂದಿಗೂ ರಶ್‌ನ ನಿಯಮಗಳ ಚೌಕಟ್ಟು ಅದರದೇ.

ಈಗ ಆ ಬಂಗಲೆಗಳ ಮುಂದಕ್ಕೆ ಬರೋಣ. ಹುಡುಗಿಯ ಹೆಗಲಲ್ಲಿ ಒಂದು ಬಟ್ಟೆಯ ಚೀಲ. ಅದರಲ್ಲಿ ನೀರಿನ ಬಾಟಲಿ, ಬ್ಯಾಟರಿಯ ಪುಟ್ಟ ಫ್ಯಾನು, ಬೆವರೊರೆಸುವ ಕಾಗದ, ಸೇಫ್ಟಿ ಪಿನ್ನು, ಹಿಮ್ಮಡಿಗೆ ಹಚ್ಚಲು ಬ್ಯಾಂಡ್‌ಏಡ್, ಒಂದು ಮನೆಯಿಂದ ಇನ್ನೊಂದಕ್ಕೆ ನಡೆಯುವಾಗ ಹಾಕಿಕೊಳ್ಳಲು ಚಪ್ಪಲಿ. ಚೀಲ ಮತ್ತು ಫೋನು ಹೊರಗೇ ಉಳಿಯಬೇಕು. ಗಳಿಗೆ ಬಂದ ಕೂಡಲೇ ಬಾಗಿಲು ತೆರೆಯುತ್ತದೆ, ಒಳಗಿನಿಂದ ಹತ್ತಾರು ದನಿಗಳ ಚಪ್ಪಾಳೆ, ಹಾಡು. ಒಬ್ಬಾಕೆ ಬಂದು ಹೆಸರು ಹಿಡಿದು ಕರೆದು ಒಳಗೆ ಕರೆದೊಯ್ಯುತ್ತಾಳೆ. ಊರು ಯಾವುದು, ಏನು ಓದುತ್ತೀ, ಬೇಸಿಗೆ ರಜೆ ಹೇಗಿತ್ತು ಎಂದು ಮಾತು ಶುರುವಾಗುತ್ತದೆ. ಐದು ನಿಮಿಷವೂ ಆಗಿರುವುದಿಲ್ಲ, ಇನ್ನೊಬ್ಬಳು ಬಂದು ಆ ಮಾತನ್ನು ತಾನು ವಹಿಸಿಕೊಳ್ಳುತ್ತಾಳೆ, ಮೊದಲಿನವಳು ಜಾರಿಕೊಳ್ಳುತ್ತಾಳೆ. ಹೀಗೆ ಮೂರು ನಾಲ್ಕು ಮಂದಿ ಬದಲಾಗುವಷ್ಟರಲ್ಲಿ ಸುತ್ತು ಮುಗಿದು ಹುಡುಗಿ ಹೊರಗೆ. ಅವಳು ಬಿಸಿಲಿಗೆ ಕಾಲಿಟ್ಟ ಮೇಲೆ ಒಳಗಿದ್ದವರು ಅವಳಿಗೆ ಅಂಕ ಹಾಕುತ್ತಾರೆ. ಮೊದಲ ಸುತ್ತಿನಲ್ಲಿ ಎಲ್ಲ ಮನೆಗಳು, ಆಮೇಲೆ ಸಂಘದ ಸೇವಾಕಾರ್ಯದ ಪರಿಚಯ, ಅನಂತರ ಒಡನಾಟದ ಸುತ್ತು, ಕೊನೆಗೆ ಒಂದೆರಡು ಮನೆಗಳ ‘ಪ್ರೆಫರೆನ್ಸ್’. ಪ್ರತಿ ಸುತ್ತಿನ ಬಳಿಕ ಹುಡುಗಿಯೂ ತನ್ನ ಇಷ್ಟದ ಮನೆಗಳನ್ನು ಅನುಕ್ರಮವಾಗಿ ಬರೆದು ಕೊಡುತ್ತಾಳೆ, ಮನೆಗಳೂ ತಮ್ಮ ಪಟ್ಟಿ ಕೊಡುತ್ತವೆ. ಮರುದಿನ ಬೆಳಿಗ್ಗೆ ಯಾರ ಮನೆಗೆ ಮತ್ತೆ ಕರೆ, ಯಾರದು ಇಲ್ಲ ಎಂಬ ಪಟ್ಟಿ ಅವಳ ಕೈಸೇರುತ್ತದೆ.

ಮಾತಿನ ಬಗ್ಗೆ ಅಲ್ಲಿ ಹಳೆಯ ಎಚ್ಚರಿಕೆಯೊಂದಿದೆ. ಹುಡುಗರು, ಕುಡಿತ, ಧರ್ಮ, ದುಡ್ಡು, ರಾಜಕೀಯ, ಈ ಐದನ್ನು ಎತ್ತಬೇಡ ಎನ್ನುತ್ತಾರೆ. ಐದು ನಿಮಿಷದ ಪರಿಚಯಕ್ಕೆ ಅದು ಸರಿಯೇ. ಆದರೆ ನಮ್ಮ ಮಕ್ಕಳಲ್ಲಿ ಕೆಲವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಮನೆಯ ಹಬ್ಬ, ಮಾತು, ಊಟ, ಕಲಿತ ಸಂಗೀತ ಎಲ್ಲವನ್ನೂ ಮುಚ್ಚಿಡುತ್ತಾರೆ. ಅದು ಬೇಡ. ಸೋಗು ಹಾಕಿ ಒಳಗೆ ಹೋದವಳು ನಾಲ್ಕು ವರ್ಷವೂ ಅದೇ ಸೋಗಿನಲ್ಲಿ ಬಾಳಬೇಕಾಗುತ್ತದೆ. ಸಂಘದ ಮನೆಯಲ್ಲಿ ಊಟದ ಹಣ ಸಾಮಾನ್ಯವಾಗಿ ಶುಲ್ಕದಲ್ಲೇ ಸೇರಿರುತ್ತದೆ, ಹಾಗಾಗಿ ಸಸ್ಯಾಹಾರಿ ಹುಡುಗಿ ಅಲ್ಲಿ ತನಗೇನು ಸಿಗುತ್ತದೆ ಎಂದು ಸಂಕೋಚವಿಲ್ಲದೆ ಕೇಳಬೇಕು. ಆ ಪ್ರಶ್ನೆಗೆ ಮುಖ ಸಿಂಡರಿಸುವ ಮನೆ ಅವಳ ಮನೆಯಲ್ಲ.

ಇನ್ನು ಲೆಕ್ಕದ ವಿಚಾರ. ನನ್ನ ಪ್ರಕಾರ ತಾಯಿತಂದೆಯರು ಎಲ್ಲಕ್ಕಿಂತ ಮೊದಲು ತಿಳಿಯಬೇಕಾದದ್ದು ಇದನ್ನೇ. ನಮ್ಮ ಸಿಇಟಿಯ ಆಪ್ಷನ್ ಎಂಟ್ರಿಯಲ್ಲಿ ವಿದ್ಯಾರ್ಥಿ ಕಾಲೇಜುಗಳನ್ನು ಇಷ್ಟದ ಕ್ರಮದಲ್ಲಿ ಬರೆದರೆ ರ‍್ಯಾಂಕ್ ನೋಡಿ ಸೀಟು ಹಂಚಿಕೆಯಾಗುತ್ತದೆ. ರಶ್‌ನ ಕೊನೆಯ ಘಟ್ಟವೂ ಹಾಗೇ, ವ್ಯತ್ಯಾಸವೆಂದರೆ ಇಲ್ಲಿ ಎಲ್ಲರಿಗೂ ಒಂದೇ ರ‍್ಯಾಂಕ್ ಪಟ್ಟಿ ಇಲ್ಲ, ಪ್ರತಿ ಮನೆಗೂ ಅದರದೇ ಪಟ್ಟಿ. ಎರಡೂ ಕಡೆಯ ಪಟ್ಟಿಗಳನ್ನು ಹೊಂದಿಸುವ ಈ ಪದ್ಧತಿ 1928ರಷ್ಟು ಹಳೆಯದು. ಅದನ್ನು ಸೂಸನ್ ಮಾಂಗೆಲ್ ಮತ್ತು ಆಲ್ವಿನ್ ರಾತ್ ಎಂಬ ಅರ್ಥಶಾಸ್ತ್ರಜ್ಞರು ಅಧ್ಯಯನ ಮಾಡಿ 1991ರಲ್ಲಿ ಅಮೆರಿಕನ್ ಎಕನಾಮಿಕ್ ರಿವ್ಯೂ ಪತ್ರಿಕೆಯಲ್ಲಿ ಪ್ರಕಟಿಸಿದರು. ಇದೇ ರಾತ್ 2012ರಲ್ಲಿ ಇಂಥ ಹೊಂದಾಣಿಕೆಗಳ ಅಧ್ಯಯನಕ್ಕಾಗಿಯೇ ಲಾಯ್ಡ್ ಶಾಪ್ಲಿ ಅವರೊಂದಿಗೆ ನೊಬೆಲ್ ಹಂಚಿಕೊಂಡರು. ಹುಡುಗಿಯರಲ್ಲಿ ಬಹಳಷ್ಟು ಮಂದಿ ಕೊನೆಯ ಪಟ್ಟಿಯಲ್ಲಿ ಒಂದೇ ಮನೆಯ ಹೆಸರು ಬರೆದು ಕೊಡುತ್ತಿದ್ದರು ಎಂಬುದು ಅವರು ಕಂಡ ಸಂಗತಿ. ಬಂದರೆ ಅದೇ ಬರಲಿ, ಇಲ್ಲವಾದರೆ ಬೇಡ ಎಂಬ ಹಟ.

ಇತ್ತೀಚಿನ ವರ್ಷಗಳಲ್ಲಿ ಇದರ ಮೇಲೆ ಇನ್ನೊಂದು ಲೆಕ್ಕ ಕೂತಿದೆ. ಪ್ರತಿ ಮನೆ ಪ್ರತಿ ಸುತ್ತಿಗೆ ಎಷ್ಟು ಮಂದಿಯನ್ನು ಮತ್ತೆ ಕರೆಯಬಹುದು ಎಂಬುದನ್ನು ಹಿಂದಿನ ವರ್ಷಗಳ ಅಂಕಿಅಂಶ ನೋಡಿ ನಿಗದಿ ಮಾಡುತ್ತಾರೆ. ಕರೆದವರಲ್ಲಿ ಬಹುತೇಕ ಎಲ್ಲರೂ ಮರಳಿ ಬರುವಂಥ ಬೇಡಿಕೆಯ ಮನೆ ಹೆಚ್ಚು ಜನರನ್ನು ಕರೆಯುವಂತಿಲ್ಲ, ಮೊದಲ ಸುತ್ತಿನಲ್ಲೇ ನೂರಾರು ಹುಡುಗಿಯರನ್ನು ಕೈಬಿಡಲೇಬೇಕು. ಸೇರಿಸಿಕೊಳ್ಳಲಾಗದವರಿಗೆ ಕೊನೆಯ ದಿನದವರೆಗೂ ಆಸೆ ತೋರಿಸಬಾರದು ಎಂಬುದೇ ಉದ್ದೇಶ, ಅದು ಒಳ್ಳೆಯ ಉದ್ದೇಶವೂ ಹೌದು. ಆದರೆ ಎರಡನೆಯ ದಿನ ಬೆಳಿಗ್ಗೆ ಎದ್ದು ನೋಡುವ ಹದಿನೆಂಟರ ಹುಡುಗಿಗೆ ಇದು ಗೊತ್ತಿರದಿದ್ದರೆ? ಒಳ್ಳೆಯ ಅಂಕ, ಒಳ್ಳೆಯ ಮಾತು, ನಿನ್ನೆ ನಕ್ಕು ಕೈಹಿಡಿದ ಅಕ್ಕಂದಿರು, ಎಲ್ಲ ಇದ್ದೂ ತಾನು ಆಸೆಪಟ್ಟ ನಾಲ್ಕೈದು ಮನೆಗಳು ಪಟ್ಟಿಯಲ್ಲಿಲ್ಲ. ತನ್ನ ಮುಖವೋ ಮೈಬಣ್ಣವೋ ಫ್ರಾಕೋ ಸರಿಯಿರಲಿಲ್ಲ ಎಂದು ಅವಳು ಹಾಸ್ಟೆಲ್ ಕೋಣೆಯಲ್ಲಿ ಕೂತು ಅಳುತ್ತಾಳೆ. ಎಷ್ಟೋ ಸಲ ಅದು ಬರೀ ಭಾಗಾಕಾರದ ಫಲ. ಈ ಮಾತನ್ನು ಜುಲೈನಲ್ಲೇ ಅವಳಿಗೆ ಬಿಡಿಸಿ ಹೇಳಿಬಿಡಿ. ಸಾವಿರಾರು ಡಾಲರ್ ಪಡೆದು ರಶ್‌ಗೆ ತರಬೇತಿ ಕೊಡುವ ಸಲಹೆಗಾರರು ಈಗ ಅಲ್ಲಿ ಬೇಕಾದಷ್ಟಿದ್ದಾರೆ. ಫೋಟೊ ತಿದ್ದುತ್ತಾರೆ, ಪರಿಚಯದ ವಿಡಿಯೊ ಮಾಡಿಸುತ್ತಾರೆ, ಮಾತು ಕಲಿಸುತ್ತಾರೆ. ಆದರೆ ಮನೆಯೊಂದು ಎಷ್ಟು ಮಂದಿಯನ್ನು ಕರೆಯಬಹುದು ಎಂಬ ಮಿತಿಯನ್ನು ಅವರಲ್ಲಿ ಯಾರೂ ಬದಲಿಸಲಾರರು. ಅವರಿಗೆ ಕೊಡುವ ದುಡ್ಡು ದಂಡ ಎಂದೇ ನನ್ನ ಅಭಿಪ್ರಾಯ.

ಕೊನೆಯ ಸುತ್ತಿನ ನಂತರ ಹುಡುಗಿ ಒಂದು ಒಪ್ಪಂದಕ್ಕೆ ಸಹಿ ಹಾಕುತ್ತಾಳೆ. ದಣಿವು, ಗೆಳತಿಯರ ಗದ್ದಲ, ಅಮ್ಮನ ಫೋನು ಇವೆಲ್ಲದರ ನಡುವೆ ಓದದೆ ಒಪ್ಪಿಬಿಡುವ ಕಾಗದ ಅದು. ಅದರಲ್ಲಿ ಅವಳು ಯಾವ ಮನೆಗಳ ಹೆಸರು ಬರೆಯುತ್ತಾಳೋ ಅವುಗಳಲ್ಲಿ ಒಂದರಿಂದ ಬಿಡ್, ಅಂದರೆ ಸೇರಲು ಆಹ್ವಾನ, ಬಂದು ಅವಳು ಒಲ್ಲೆ ಎಂದರೆ ಮುಂದಿನ ವರ್ಷದ ರಶ್‌ವರೆಗೆ ಆ ಕ್ಯಾಂಪಸ್ಸಿನಲ್ಲಿ ಒಕ್ಕೂಟದ ಬೇರಾವ ಸಂಘಕ್ಕೂ ಸೇರುವಂತಿಲ್ಲ. ದೀಕ್ಷೆಯಾದ ಮೇಲಂತೂ ಒಕ್ಕೂಟದ ಮತ್ತೊಂದು ಸಂಘದ ಬಾಗಿಲು ಜೀವಮಾನಪೂರ್ತಿ ಮುಚ್ಚಿದಂತೆ. ಆದ್ದರಿಂದ ಮನಸ್ಸಿಲ್ಲದ ಮನೆಯ ಹೆಸರನ್ನು ಬರೆಯಬಾರದು, ಮನಸ್ಸಿದ್ದರೆ ಎರಡನ್ನೂ ಬರೆಯಬೇಕು. ಒಂದೇ ಹೆಸರು ಬರೆದವಳು ಎರಡೂ ಕಡೆಯಿಂದ ಬರಿಗೈಯಲ್ಲಿ ಮರಳಬಹುದು. ಈ ತೀರ್ಮಾನವನ್ನು ಅವಳೊಬ್ಬಳೇ ಮಾಡಲಿ. ಆ ವಾರ ಅವಳಿಗೆ ದಾರಿ ತೋರಿಸಲು ಹಿರಿಯ ವಿದ್ಯಾರ್ಥಿನಿಯೊಬ್ಬಳನ್ನು ನೇಮಿಸಿರುತ್ತಾರೆ. ಆಕೆ ತಾತ್ಕಾಲಿಕವಾಗಿ ತನ್ನ ಸಂಘದಿಂದ ದೂರವಿದ್ದು, ಅದರ ಹೆಸರನ್ನೂ ಹೇಳದೆ ನೆರವಾಗುತ್ತಾಳೆ. ಕೇಳಬೇಕಾದದ್ದನ್ನು ಆಕೆಯನ್ನೇ ಕೇಳಲಿ.

ದುಡ್ಡಿನ ಮಾತು ರಶ್ ಮನೆಯೊಳಗೆ ನಿಷಿದ್ಧ, ನಮ್ಮ ಮನೆಯೊಳಗೆ ಅಲ್ಲ. ಅಲಬಾಮಾದಂಥ ಕಡೆ ಸಂಘದ ಬಂಗಲೆಯಲ್ಲಿ ವಾಸವಿಲ್ಲದ ಹೊಸ ಸದಸ್ಯೆಗೂ ಸೆಮಿಸ್ಟರಿನ ಶುಲ್ಕ ಸರಾಸರಿ ನಾಲ್ಕು ಸಾವಿರ ಡಾಲರ್ ದಾಟುತ್ತದೆ. ಬೇರೆ ರಾಜ್ಯಗಳ ಎಷ್ಟೋ ಕ್ಯಾಂಪಸ್‌ಗಳಲ್ಲಿ ಇದಕ್ಕಿಂತ ಬಹಳ ಕಡಿಮೆ. ಎಲಿಜಬೆತ್ ಆರ್ಮ್‌ಸ್ಟ್ರಾಂಗ್ ಮತ್ತು ಲಾರಾ ಹ್ಯಾಮಿಲ್ಟನ್ ಎಂಬ ಸಮಾಜಶಾಸ್ತ್ರಜ್ಞೆಯರು ಒಂದು ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯದ ಹಾಸ್ಟೆಲ್‌ನ ಒಂದೇ ಮಹಡಿಯ ಹುಡುಗಿಯರನ್ನು ವರ್ಷಗಟ್ಟಲೆ ಹಿಂಬಾಲಿಸಿ 2013ರಲ್ಲಿ ಪುಸ್ತಕ ಬರೆದರು. ಸಂಘಗಳ ಸುತ್ತ ಕಟ್ಟಿದ ಮೋಜಿನ ಬದುಕು ಸಿರಿವಂತರ ಮಕ್ಕಳಿಗೆ ಕೆಡುಕು ಮಾಡಲಿಲ್ಲ, ಅದರ ಬೆನ್ನುಹತ್ತಿದ ಸಾಧಾರಣ ಮನೆಯವರು ಓದಿನಲ್ಲೂ ಕೆಲಸದಲ್ಲೂ ಹಿಂದೆಬಿದ್ದರು ಎಂಬುದು ಅದರ ಸಾರ. ಇನ್ನೊಂದು ವಿಷಯವೂ ಹಿರಿಯರಿಗೆ ತಿಳಿದಿರಲಿ: ಒಕ್ಕೂಟದ ಸೊರಾರಿಟಿ ಮನೆಗಳಲ್ಲಿ ಮದ್ಯಕ್ಕೆ ಅವಕಾಶವಿಲ್ಲ. ಹಾಗಾಗಿ ಪಾರ್ಟಿ ನಡೆಯುವುದು ಹುಡುಗರ ಸಂಘದ ಮನೆಗಳಲ್ಲಿ, ಅಲ್ಲಿ ನಿಯಮ ಹುಡುಗರದು.

ಬಣ್ಣದ ಪ್ರಶ್ನೆಯನ್ನು ಬಿಟ್ಟರೆ ಈ ಲೇಖನ ಪ್ರಾಮಾಣಿಕವಾಗದು. 2013ರ ಸೆಪ್ಟೆಂಬರ್‌ನಲ್ಲಿ ಅಲಬಾಮಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳದೇ ಪತ್ರಿಕೆ ‘ಕ್ರಿಮ್ಸನ್ ವೈಟ್’ ಒಂದು ವರದಿ ಪ್ರಕಟಿಸಿತು. ಓದಿನಲ್ಲಿ ಮುಂದಿದ್ದ ಕಪ್ಪು ಹುಡುಗಿಯರನ್ನು ಸೇರಿಸಿಕೊಳ್ಳಲು ವಿದ್ಯಾರ್ಥಿನಿಯರು ಒಪ್ಪಿದರೂ ಸಂಘಗಳ ಹಳೆಯ ಸದಸ್ಯೆಯರು ತಡೆದರು ಎಂದು ಸದಸ್ಯೆಯರೇ ಬಾಯಿಬಿಟ್ಟಿದ್ದರು. ದೇಶವೆಲ್ಲ ಗದ್ದಲವಾಯಿತು, ವಿಶ್ವವಿದ್ಯಾಲಯ ಮಧ್ಯೆ ಬಂದು ಆಯ್ಕೆಯನ್ನು ಮತ್ತೆ ತೆರೆಸಿತು. ಕಪ್ಪು ಹೆಣ್ಣುಮಕ್ಕಳು ಅದಕ್ಕೂ ಶತಮಾನದ ಹಿಂದೆಯೇ ತಮ್ಮ ದಾರಿ ತಾವೇ ಮಾಡಿಕೊಂಡಿದ್ದರು. ವಾಷಿಂಗ್ಟನ್‌ನ ಹಾವರ್ಡ್ ವಿಶ್ವವಿದ್ಯಾಲಯದಲ್ಲಿ 1908ರಲ್ಲಿ ಹುಟ್ಟಿದ ‘ಆಲ್ಫಾ ಕಪ್ಪಾ ಆಲ್ಫಾ’ ಅವರ ಮೊದಲ ಸೊರಾರಿಟಿ. ಚೆನ್ನೈ ಮೂಲದ ತಾಯಿಯ ಮಗಳು ಕಮಲಾ ಹ್ಯಾರಿಸ್ ಸೇರಿದ್ದು ಇದಕ್ಕೇ. 1913ರಲ್ಲಿ ಹುಟ್ಟಿದ ‘ಡೆಲ್ಟಾ ಸಿಗ್ಮಾ ಥೀಟಾ’ದ ಹುಡುಗಿಯರು ಕೆಲವೇ ವಾರಗಳಲ್ಲಿ ಮಹಿಳೆಯರ ಮತದಾನದ ಹಕ್ಕಿಗಾಗಿ ವಾಷಿಂಗ್ಟನ್ ಬೀದಿಯಲ್ಲಿ ಮೆರವಣಿಗೆ ನಡೆದರು.

ನಮ್ಮ ಕಡೆಯ ಮಕ್ಕಳಿಗೂ ಬೇರೆ ಬಾಗಿಲುಗಳಿವೆ. 1998ರ ಒಂದೇ ಚಳಿಗಾಲದ ಆಸುಪಾಸಿನಲ್ಲಿ ದಕ್ಷಿಣ ಏಷ್ಯಾ ಮೂಲದ ಹುಡುಗಿಯರು ಮೂರು ಸಂಘ ಕಟ್ಟಿದರು. ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ‘ಕಪ್ಪಾ ಫೈ ಗ್ಯಾಮಾ’, ಹ್ಯೂಸ್ಟನ್‌ನಲ್ಲಿ ‘ಡೆಲ್ಟಾ ಫೈ ಒಮೇಗಾ’, ನ್ಯೂಯಾರ್ಕಿನ ಸೇಂಟ್ ಜಾನ್ಸ್‌ನಲ್ಲಿ ‘ಸಿಗ್ಮಾ ಸಿಗ್ಮಾ ರೋ’. ಮರುವರ್ಷ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದಲ್ಲಿ ‘ಡೆಲ್ಟಾ ಕಪ್ಪಾ ಡೆಲ್ಟಾ’ ಹುಟ್ಟಿತು. ಇವುಗಳಿಗೆ ಕಂಬದ ಬಂಗಲೆಯಿಲ್ಲ, ಆಗಸ್ಟ್‌ನ ಆ ಗದ್ದಲವೂ ಇಲ್ಲ. ಸಣ್ಣ ಗುಂಪು, ಕಡಿಮೆ ಶುಲ್ಕ, ಪಾಠ ಶುರುವಾದ ಮೇಲೆ ನಿಧಾನವಾಗಿ ಪರಿಚಯ. ಮಗಳಿಗೆ ಯಾವುದು ಹಿತ ಎಂದು ಅವಳೇ ನಿರ್ಧರಿಸಲಿ, ಆದರೆ ಇವೂ ಇವೆ ಎಂದು ಅವಳಿಗೆ ತಿಳಿದಿರಬೇಕು. ವರ್ಜೀನಿಯಾ, ವ್ಯಾಂಡರ್‌ಬಿಲ್ಟ್‌ನಂಥ ವಿಶ್ವವಿದ್ಯಾಲಯಗಳು ರಶ್ ಅನ್ನೇ ಮೊದಲ ಸೆಮಿಸ್ಟರ್ ಕಳೆದ ಮೇಲೆ ಇಟ್ಟುಕೊಂಡಿವೆ. ಹುಡುಗಿಗೆ ಊರು, ಪಾಠ, ಗೆಳತಿಯರು ಒಂದಿಷ್ಟು ಪರಿಚಯವಾದ ಬಳಿಕ ಆಯ್ಕೆ ನಡೆಯುವ ಈ ಕ್ರಮವೇ ಸರಿ ಎಂದು ನನಗೆ ತೋರುತ್ತದೆ.

ಸೇರಬೇಡ ಎಂದು ನಾನು ಹೇಳುತ್ತಿಲ್ಲ. ಮೂವತ್ತು ಸಾವಿರ ವಿದ್ಯಾರ್ಥಿಗಳ ಕ್ಯಾಂಪಸ್ಸಿನಲ್ಲಿ ಜ್ವರ ಬಂದ ರಾತ್ರಿ ಬಾಗಿಲು ತಟ್ಟಲು ನಾಲ್ಕು ಮಂದಿ ಇರುವುದು ದೊಡ್ಡ ಮಾತು. ಟ್ರೈ ಡೆಲ್ಟಾದವರು ಮೆಂಫಿಸ್‌ನ ಸೇಂಟ್ ಜೂಡ್ ಮಕ್ಕಳ ಆಸ್ಪತ್ರೆಗೆ, ಡೆಲ್ಟಾ ಗ್ಯಾಮಾದವರು ದೃಷ್ಟಿದೋಷವುಳ್ಳವರ ನೆರವಿಗೆ ದಶಕಗಳಿಂದ ದುಡಿದಿದ್ದಾರೆ. ಅಂಥ ಕೆಲಸದಲ್ಲಿ ಮನಸ್ಸಿಟ್ಟು ಹೋಗುವ ಹುಡುಗಿಗೆ ಸಂಘ ಬಹಳ ಕೊಡುತ್ತದೆ. ಸಿಗದಿದ್ದರೆ ಕ್ಯಾಂಪಸ್ಸಿನಲ್ಲಿ ನೂರಾರು ಬೇರೆ ಕೂಟಗಳಿವೆ, ಸೆಪ್ಟೆಂಬರ್‌ನಲ್ಲಿ ಅವಳು ಮೊದಲು ಹೋಗುವ ಕೂಟ ಯಾವುದು ಎಂಬುದನ್ನು ಜುಲೈನಲ್ಲೇ ಬರೆದಿಟ್ಟುಕೊಳ್ಳಲಿ.

ಕಡೆಯದಾಗಿ ಒಂದು ಕೆಲಸ. ಹೇಜಿಂಗ್, ಅಂದರೆ ನಮ್ಮವರು ರ‍್ಯಾಗಿಂಗ್ ಎನ್ನುವ ಕಾಟ, ಹೊಸ ಸದಸ್ಯರಾದ ಮೇಲೆ ಶುರುವಾಗುವುದುಂಟು. 2024ರ ಡಿಸೆಂಬರ್‌ನಲ್ಲಿ ಸಹಿ ಬಿದ್ದ ಅಮೆರಿಕದ ಕಾನೂನಿನ ಪ್ರಕಾರ, ಹೇಜಿಂಗ್ ನಡೆಸಿದ್ದು ಸಾಬೀತಾದ ಸಂಘಗಳ ಹೆಸರನ್ನು ಕಾಲೇಜುಗಳು ಜಾಲತಾಣದಲ್ಲಿ ಬಹಿರಂಗಪಡಿಸಬೇಕು. ಮಗಳು ಹೆಸರು ನೋಂದಾಯಿಸುವ ಮುನ್ನ ಆ ವರದಿಯನ್ನೂ ಶುಲ್ಕದ ಪಟ್ಟಿಯನ್ನೂ ಅವಳ ಜೊತೆ ಕೂತು ಓದಿ. ಎರಡೂ ಪುಕ್ಕಟೆಯಾಗಿ ಸಿಗುತ್ತವೆ.